ಅದರಿಂದ ಅವರಿಗೇನು ಲಾಭ?

ಟೀವಿ ಕಚೇರಿಯಲ್ಲಿ ಎಲ್ಲರೂ ಅವಳನ್ನು ಪೌಡರಮ್ಮ ಎಂದೇ ಕರೆಯುತ್ತಿದ್ದರು. ಪರದೆಯ ಮೇಲೆ ಕಾಣಿಸಿಕೊಳ್ಳುವವರ ಮುಖಕ್ಕೆ ಬಣ್ಣ ಹಚ್ಚುವುದು ಅವಳ ಕೆಲಸ. ಕಿಟಕಿಯಿಲ್ಲದ ಪುಟ್ಟ ಕೋಣೆ, ಸುತ್ತ ಬಲ್ಬು ಕೂರಿಸಿದ ಕನ್ನಡಿ, ಒದ್ದರೆ ಮೇಲೇಳುವ ಒಂದು ಕುರ್ಚಿ. ಯುದ್ಧ ಶುರುವಾದಂದಿನಿಂದ ಆ ಕುರ್ಚಿಗೆ ಪುರುಸೊತ್ತಿರಲಿಲ್ಲ. ಹಿಂದೆ ಹಾಡುವವರು, ಅಡುಗೆ ಹೇಳಿಕೊಡುವವರು ಕೂರುತ್ತಿದ್ದ ಜಾಗದಲ್ಲಿ ಈಗ ನಿವೃತ್ತ ಸೇನಾಧಿಕಾರಿಗಳು, ಮಾಜಿ ರಾಯಭಾರಿಗಳು ಸರದಿಯಲ್ಲಿ ಕೂತು ಕಣ್ಣು ಮುಚ್ಚಿ ಮುಖ ಒಡ್ಡುತ್ತಿದ್ದರು.

ಅವರಲ್ಲೆಲ್ಲ ಬೇಡಿಕೆ ಹೆಚ್ಚಿದ್ದದ್ದು ಲೆಕ್ಕದ ಮೇಷ್ಟ್ರಿಗೆ. ಅವರೇನೂ ಲೆಕ್ಕ ಕಲಿಸುವವರಲ್ಲ. ದೇಶದೇಶಗಳ ನಡುವಿನ ಜಗಳದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು. ಬಾಯಿ ತೆರೆದರೆ "ಲೆಕ್ಕ ಹಾಕಿ ನೋಡಿ, ಅದರಿಂದ ಅವರಿಗೇನು ಲಾಭ?" ಎನ್ನುತ್ತಿದ್ದರಿಂದ ಕ್ಯಾಮೆರಾದವನು ಇಟ್ಟ ಹೆಸರು ಅದು. "ಈ ಯುದ್ಧ ನಿಂತ್ರೆ ಮೇಷ್ಟ್ರಿಗೆ ಲಾಭ ಇಲ್ಲ, ಅದಕ್ಕೇ ನಿಲ್ತಿಲ್ಲ" ಎಂದು ಅವನು ನಗುತ್ತಿದ್ದ. ಪೌಡರಮ್ಮ ನಗುತ್ತಿರಲಿಲ್ಲ. ಮೇಷ್ಟ್ರೆಂದರೆ ಅವಳಿಗೆ ಗೌರವ. ಬೇರೆಯವರು ಕೂಗಾಡುತ್ತಿದ್ದರು, ಮೇಜು ಕುಟ್ಟುತ್ತಿದ್ದರು. ಇವರು ಮಾತ್ರ ಮಗುವಿಗೆ ಜ್ವರ ಇಳಿದಿದೆ ಎಂದು ಹೇಳುವ ವೈದ್ಯರ ಹಾಗೆ ತಣ್ಣಗೆ ಮಾತಾಡುತ್ತಿದ್ದರು.

ಅವಳ ಅಕ್ಕ, ಭಾವ ಇದ್ದದ್ದು ಗಡಿಯ ಹತ್ತಿರ, ಸೇತುವೆಯ ಊರಿನಲ್ಲಿ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವರದು. ಹೊಳೆಯ ಆಚೆ ದಡದವರೆಗೂ ಶತ್ರುಗಳು ಬಂದಿದ್ದರು. ಊರು ಬಿಡೋಣ ಎಂದು ಭಾವ ಗಂಟುಮೂಟೆ ಕಟ್ಟಿ ಕೂತಿದ್ದ. ಅಕ್ಕನಿಗೆ ಮಾತ್ರ ಮನಸ್ಸು ಹೊಯ್ದಾಡುತ್ತಿತ್ತು. ಒಂದು ರಾತ್ರಿ ತಂಗಿಗೆ ಫೋನು ಮಾಡಿದಳು.

"ಪುಟ್ಟಿ, ನೀನು ಅಂಥೋರ ಜೊತೆನೇ ಇರ್ತೀಯಲ್ಲ, ಒಂದು ಮಾತು ಕೇಳಿ ಹೇಳೇ. ಬರೋದಾದ್ರೆ ನಿನ್ನ ಮನೆಗೇ ಬರ್ಬೇಕು. ಅಂಗಡೀಲಿ ಬಟ್ಟೆ ಬೇಯಿಸೋ ಬಾಯ್ಲರ್ ಬಿಟ್ಟು ಬಂದ್ರೆ ಮತ್ತೆ ಸಿಗಲ್ಲ."

ಪೌಡರಮ್ಮನ ಮನೆಯೆಂದರೆ ಒಂದೇ ಕೋಣೆ. ಭಾವನ ಗೊರಕೆ, ಅಕ್ಕನ ಉಪದೇಶ, ಎಲ್ಲವೂ ಆ ಕೋಣೆಯೊಳಗೇ ಆಗಬೇಕು. ಹಾಗೆಂದು ಬರಬೇಡ ಎನ್ನುವುದುಂಟೇ? ಅಕ್ಕನಲ್ಲವೇ? ಈ ಯೋಚನೆ ಬಂದದ್ದಕ್ಕೇ ನಾಚಿ ಅವಳು ಮಂಚದ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ಎಳೆದು ಗುಡಿಸಿ ಜಾಗ ಮಾಡಿದಳು. ಆದರೂ ಮನಸ್ಸಿನ ಮೂಲೆಯಲ್ಲಿ, ಬರುವ ಅಗತ್ಯವೇ ಬೀಳದಿದ್ದರೆ ಎಷ್ಟು ಚೆನ್ನ ಎನ್ನಿಸದೆ ಇರಲಿಲ್ಲ.

ಕೇಳುವುದು ಹೇಗೆಂದು ಅವಳು ಬಾಯಿಪಾಠ ಮಾಡಿಕೊಂಡೇ ಹೋದಳು. ಅವತ್ತು ಮೇಷ್ಟ್ರು ಕುರ್ಚಿಯಲ್ಲಿ ಕೂತಾಗ ಹಣೆ ಹೊಳೆಯುತ್ತಿತ್ತು. ಸ್ಟುಡಿಯೋ ದೀಪದಡಿ ಹೋಗುವ ಮೊದಲೇ ಕಿವಿಯ ಪಕ್ಕ ಬೆವರಿಳಿಯುತ್ತಿತ್ತು.

"ಸೆಖೆನಾ ಸಾರ್?"

"ಛೆ, ಇಲ್ಲಮ್ಮ. ಮೆಟ್ಟಿಲು ಹತ್ತಿ ಬಂದೆ."

ಲಿಫ್ಟಿನಲ್ಲಿ ಬಂದಿದ್ದನ್ನು ಅವಳೇ ನೋಡಿದ್ದಳು. ದೊಡ್ಡವರ ಮಾತು, ಇರಲಿ ಎಂದುಕೊಂಡು ಕಾಗದದಿಂದ ಒತ್ತಿ ಬೆವರು ತೆಗೆದಳು, ಸ್ಪಂಜಿನಿಂದ ಬಣ್ಣ ಸವರಿದಳು, ಮೇಲೊಂದು ಪದರ ಪೌಡರು ಕೂರಿಸಿದಳು. ಆಮೇಲೆ ಧೈರ್ಯ ಮಾಡಿ ಕೇಳಿದಳು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸೇತುವೆ ಊರಾ? ಲೆಕ್ಕ ಹಾಕಿ ನೋಡಿ. ಮುಂದೆ ಬರಬೇಕು ಅಂದ್ರೆ ಅವರಿಗೇ ಆ ಸೇತುವೆ ಬೇಕು. ತನಗೆ ಬೇಕಾದ್ದನ್ನ ಯಾರಾದ್ರೂ ಒಡೀತಾರಾ? ಊರು ಸುಟ್ಟರೆ ಲೋಕವೆಲ್ಲ ಉಗಿಯುತ್ತೆ. ಅವರೂ ಬುದ್ಧಿ ಇರೋರೇ ತಾನೇ? ನಿಮ್ಮಕ್ಕ ಆರಾಮಾಗಿ ಇರ್ಲಿ."

ಅರ್ಧ ಗಂಟೆಯ ನಂತರ ಅದೇ ಮಾತನ್ನು ಪರದೆಯ ಮೇಲೆ ಹೇಳಿದರು. ಕಾರಿಡಾರಿನ ಟೀವಿಯ ಮುಂದೆ ನಿಂತು ಪೌಡರಮ್ಮ ನೋಡಿದಳು. ಒಂದು ಹನಿ ಬೆವರಿಲ್ಲ, ಒಂದು ಗೆರೆ ಅಳುಕಿಲ್ಲ. ಆ ಮುಖ ನೋಡಿ ಅವಳಿಗೆ ಎದೆ ಹಗುರಾಯಿತು. ಬೆವರು ಒರೆಸಿದ್ದು ತಾನೇ ಎಂಬುದು ಆ ಕ್ಷಣಕ್ಕೆ ನೆನಪಿಗೆ ಬರಲೇ ಇಲ್ಲ.

"ಇದ್ಬಿಡಿ ಅಕ್ಕ," ಎಂದಳು ಫೋನಿನಲ್ಲಿ. "ಸ್ವತಃ ಮೇಷ್ಟ್ರೇ ಹೇಳಿದ್ರು. ಖಂಡಿತ ಏನೂ ಆಗಲ್ಲ."

ವಾರ ಕಳೆಯುವುದರೊಳಗೆ ಶತ್ರುಗಳ ಹೊಡೆತಕ್ಕೆ ಸೇತುವೆ ಹೊಳೆಗೆ ಬಿತ್ತು. ಹಿಂದೆಯೇ ಊರಿನ ಮೇಲೆ ಬಾಂಬು. ಅಂಗಡಿಯ ಗೋಡೆ ಭಾವನ ಮೇಲೆ ಕುಸಿದು ಸೊಂಟ ಮುರಿಯಿತು. ಯಾರದೋ ಲಾರಿಯಲ್ಲಿ ಹಾಕಿಕೊಂಡು ಇನ್ನಷ್ಟು ಈಚೆ ಕಡೆಯ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಅಕ್ಕ ಫೋನಿಗೆ ಸಿಗುವಷ್ಟರಲ್ಲಿ ಪೌಡರಮ್ಮ ಅರ್ಧ ಜೀವವಾಗಿದ್ದಳು.

"ಅಲ್ಲೂ ಇರಬೇಡಿ ಅಕ್ಕ, ಸುದ್ದಿ ನೋಡ್ತಿದೀನಿ, ಅವರು ಹೊಳೆ ದಾಟಿ ಮುಂದೆ ಮುಂದೆ ಬರ್ತಿದಾರೆ. ಭಾವನ್ನ ಹೇಗಾದ್ರೂ ಮಾಡಿ ಕರ್ಕೊಂಡು ಇಲ್ಲಿಗೆ ಬಂದ್ಬಿಡಿ."

"ಮಿಸುಕಾಡಿಸಬೇಡಿ ಅಂತಿದಾರೆ ಡಾಕ್ಟ್ರು. ಪಕ್ಕದ ಮಂಚದೋರು ಆಗಲೇ ಹೊರಟ್ರು. ನನಗೇನೂ ತೋಚ್ತಿಲ್ಲ." ಎಂದ ಅಕ್ಕ ಮರುಕ್ಷಣವೇ ಕೇಳಿದಳು: "ಮೇಷ್ಟ್ರು ಏನಂತಾರೆ?"

ಕೇಳಿ ಹೇಳುತ್ತೇನೆಂದು ಪೌಡರಮ್ಮ ಫೋನಿಟ್ಟಳು. ಇಷ್ಟಾದ ಮೇಲೂ ಅವರ ಮಾತೇ ಬೇಕೇ? ಹಾಗಾದರೆ ಅವರ ಬಾಯಿಂದಲೇ ತಪ್ಪಾಯಿತು ಎಂದು ಹೇಳಿಸಬೇಕು. ಆಗಲಾದರೂ ಅಕ್ಕ ಹೊರಟಾಳು.

ಮಾರನೆಯ ಸಂಜೆ ಮೇಷ್ಟ್ರು ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತರು. "ಕಣ್ಣ ಕೆಳಗೆ ಸ್ವಲ್ಪ ಜಾಸ್ತಿ ಹಾಕಿ, ನಿದ್ದೆ ಇಲ್ಲ," ಎಂದರು.

"ಸಾರ್, ನಮ್ಮಕ್ಕ ಸೇತುವೆ ಊರಲ್ಲೇ ಉಳ್ಕೊಂಡ್ಳು. ಭಾವನ ಸೊಂಟ ಮುರಿದಿದೆ."

"ಅಯ್ಯೋ ಪಾಪ. ನಿಮ್ಮ ಅಕ್ಕ ಅಲ್ಲಿದ್ರಾ? ಮೊದಲೇ ಹೇಳ್ಬಾರದಿತ್ತಾ?"

ಅವಳ ಕೈಯಲ್ಲಿದ್ದ ಸ್ಪಂಜು ಗಾಳಿಯಲ್ಲೇ ನಿಂತಿತು. "ಹೇಳಿದ್ದೆ ಸಾರ್. ಇದೇ ಕುರ್ಚೀಲಿ ಕೂತು, ಆರಾಮಾಗಿ ಇರ್ಲಿ ಅಂದಿದ್ರಿ."

ಮೇಷ್ಟ್ರು ಕಣ್ಣು ತೆರೆದು ಕನ್ನಡಿಯಲ್ಲಿ ಅವಳನ್ನು ನೋಡಿದರು. ಮುಖದಲ್ಲಿ ನಾಟಕವಿರಲಿಲ್ಲ, ನಿಜಕ್ಕೂ ನೆನಪಿರಲಿಲ್ಲ. ಅವಳಿಗೆ ಎದೆಗೆ ಚುಚ್ಚಿದ್ದು ಅದೇ. ಅವಳು ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ಕೇಳಿದ್ದನ್ನು ಅವರು ಮುಖ ತೊಳೆಯುವಾಗ ಬಣ್ಣದ ಜೊತೆಗೇ ತೊಳೆದುಕೊಂಡಿದ್ದರು.

"ನೋಡಿಮ್ಮ, ಬುದ್ಧಿ ಇರೋರು ಏನು ಮಾಡ್ತಾರೋ ಅದನ್ನ ನಾನು ಹೇಳ್ತೀನಿ. ಅವರು ಬುದ್ಧಿ ಕೆಟ್ಟೋರ ಥರ ಆಡಿದ್ರೆ ನನ್ನ ಲೆಕ್ಕದಲ್ಲಿ ತಪ್ಪೇನಿದೆ?"

"ಅಂದ್ರೆ ಲೆಕ್ಕ ಸರಿ ಇತ್ತು, ಯುದ್ಧವೇ ತಪ್ಪಾಯ್ತು ಅಂತಲಾ ಸಾರ್?" ಅವಳು ಅರ್ಥವಾಗದೆ ಕೇಳಿದಳು, ಕುಹಕದಿಂದಲ್ಲ.

ಮೇಷ್ಟ್ರು ನಕ್ಕರು. "ಭಲೇ! ಚೆನ್ನಾಗಿ ಹೇಳಿದ್ರಿ."

"ಸಾರ್, ಒಂದೇ ಒಂದು ಉಪಕಾರ ಮಾಡಿ. 'ಅವತ್ತು ನಾನು ಹೇಳಿದ್ದು ತಪ್ಪಾಯ್ತು, ನನ್ನ ಮಾತು ನಂಬಿ ಯಾರೂ ಕೂತಿರಬೇಡಿ' ಅಂತ ಇವತ್ತು ಹೇಳ್ಬಿಡಿ. ಅಕ್ಕ ಆಸ್ಪತ್ರೇಲಿ ಟೀವಿ ನೋಡ್ತಾಳೆ. ನಾನು ಹೇಳಿದ್ರೆ ಹೊರಡಲ್ಲ, ನೀವು ಹೇಳಿದ್ರೆ ಹೊರಡ್ತಾಳೆ."

ಮೇಷ್ಟ್ರು ಅವಳ ಕೈ ತಟ್ಟಿದರು. "ಅಷ್ಟೇ ತಾನೇ? ಹೇಳ್ತೀನಮ್ಮ. ಖಂಡಿತ ಹೇಳ್ತೀನಿ."

ಆ ಕೈ ಬೆಚ್ಚಗಿತ್ತು. ಅವಳು ಮತ್ತೆ ನಂಬಿದಳು. ಕಣ್ಣ ಕೆಳಗಿನ ಕಪ್ಪನ್ನು ಎಂದಿಗಿಂತ ಅಚ್ಚುಕಟ್ಟಾಗಿ ಮುಚ್ಚಿ ಕಳಿಸಿ, ಕಾರಿಡಾರಿನ ಟೀವಿಯ ಮುಂದೆ ಬಂದು ನಿಂತಳು.

ನಿರೂಪಕಿ ಮೊದಲ ಪ್ರಶ್ನೆಯಲ್ಲೇ ಸೇತುವೆಯ ವಿಷಯ ಎತ್ತಿದಳು. ಮೇಷ್ಟ್ರು ಗಂಭೀರವಾಗಿ ತಲೆದೂಗಿದರು. "ನಮ್ಮೆಲ್ಲರ ಅಂದಾಜು ಮೀರಿದ ಘಟನೆ ಅದು. ಒಂದೇ ವಾಕ್ಯದಲ್ಲಿ ಹೇಳೋದಾದ್ರೆ, ಲೆಕ್ಕ ಸರಿ ಇತ್ತು, ಯುದ್ಧವೇ ತಪ್ಪಾಯ್ತು." ನಿರೂಪಕಿ ಮೆಚ್ಚಿ ನಕ್ಕಳು. ಮಾತು ಆ ಕೂಡಲೇ ದಪ್ಪಕ್ಷರದಲ್ಲಿ ಪರದೆಯ ಕೆಳಗೆ ಮೂಡಿತು. "ಆದರೆ ಈಗ ಅವರು ದಣಿದಿದ್ದಾರೆ. ಆಸ್ಪತ್ರೆ ಇರುವ ಪಟ್ಟಣದ ತನಕ ಬರೋದಿಲ್ಲ. ಅದರಿಂದ ಅವರಿಗೇನು ಲಾಭ?"

ಪೌಡರಮ್ಮ ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದಳು.

"ನೋಡಿದೆ ಪುಟ್ಟಿ," ಎಂದಳು ಅಕ್ಕ, ಎಷ್ಟೋ ದಿನಗಳ ಮೇಲೆ ಉಸಿರು ಸಿಕ್ಕವಳ ಹಾಗೆ. "ಇಲ್ಲಿಗೆ ಬರಲ್ವಂತೆ. ಇವರನ್ನ ಅಲುಗಾಡಿಸೋದು ತಪ್ಪಿತು."

"ಅವರ ಮಾತು ನಂಬಬೇಡ ಅಕ್ಕ! ಅವರಿಗೇನೂ ಗೊತ್ತಿಲ್ಲ!"

"ಅವತ್ತು ನಂಬು ಅಂದೋಳು ನೀನೇ ಅಲ್ವಾ?"

"ತಪ್ಪಾಯ್ತು ಅಕ್ಕ. ಅವರು ಹೇಳಿದ್ದೇ ತಪ್ಪಾಗಿತ್ತು."

"ಅಷ್ಟು ಓದಿದೋರು ಸುಮ್ಸುಮ್ನೆ ಹೇಳ್ತಾರಾ? ಬಹುಶಃ, ಗಿಹುಶಃ ಅಂತ ಏನೋ ಸೇರಿಸಿರ್ತಾರೆ. ಅದನ್ನ ನೀನು ನುಂಗಿಕೊಂಡು, ಖಂಡಿತ ಅಂತ ನನಗೆ ಬಡಿಸಿದೆ." ಅಕ್ಕನ ದನಿ ತಗ್ಗಿತು. "ನಾವು ಬಂದ್ರೆ ನಿನಗೆ ಇಕ್ಕಟ್ಟು ಅಂತ ನನಗೆ ಗೊತ್ತಿಲ್ವೇನೇ?"

ಮೇಷ್ಟ್ರು ನಿಜಕ್ಕೂ ಬಹುಶಃ ಎಂದಿದ್ದರೇ? ಇಲ್ಲ, ಎಂದಿರಲಿಲ್ಲ. ಎಂದಿರಲಿಲ್ಲವೇ? ಆ ಸಂಜೆಯನ್ನು ಎಷ್ಟು ಕೆದಕಿದರೂ ಈಗ ಅವಳಿಗೆ ಕೇಳಿಸುತ್ತಿದ್ದದ್ದು ಅಕ್ಕನ ದನಿ ಮಾತ್ರ. ಮೇಷ್ಟ್ರ ಲೆಕ್ಕಕ್ಕೆ ಅಕ್ಕನ ಬಳಿ ಇನ್ನೂ ಬೆಲೆಯಿತ್ತು. ಬೆಲೆ ಹೋದದ್ದು ತಂಗಿಯ ಮಾತಿಗೆ.

ಸ್ಟುಡಿಯೋ ಬಾಗಿಲಿನಿಂದ ಕ್ಯಾಮೆರಾದವನು ತಲೆ ಹಾಕಿದ. "ಪೌಡರಮ್ಮ, ಬ್ರೇಕು! ಬೇಗ ಬನ್ನಿ, ಮೇಷ್ಟ್ರ ಹಣೆ ಮತ್ತೆ ಹೊಳೀತಿದೆ."

"ಹೊಳೀಲಿ ಬಿಡು," ಎಂದು ಅವಳು ಮೆಟ್ಟಿಲಿಳಿದಳು.

ಬಸ್ ನಿಲ್ದಾಣ ಆ ಕಡೆಯಿಂದ ಬಂದವರಿಂದ ತುಂಬಿತ್ತು. ಹಾಸಿಗೆ ಸುರುಳಿ, ಹೊಲಿಗೆ ಯಂತ್ರ, ಪಂಜರದಲ್ಲಿ ಗಿಳಿ. ಆ ಕಡೆಗೆ ಹೊರಟಿದ್ದ ಬಸ್ಸು ಮಾತ್ರ ಖಾಲಿ ಹೊಡೆಯುತ್ತಿತ್ತು. ಅವಳು ಕಿಟಕಿಯ ಪಕ್ಕ ಕೂತು, ಭಾವನನ್ನು ಹಲಗೆಯ ಮೇಲೆ ಮಲಗಿಸಿ ಬಸ್ಸಿನ ಹಿಂಬಾಗಿಲಿನಿಂದ ಏರಿಸಲು ಆದೀತೇ ಎಂದು ಸೀಟುಗಳ ನಡುವಿನ ದಾರಿಯನ್ನು ಕಣ್ಣಲ್ಲೇ ಅಳೆದಳು. ಕಷ್ಟ. ಎರಡು ಸೀಟು ಬಿಚ್ಚಿಸಿದರೆ ಆದೀತು. ಬಿಚ್ಚಲು ಚಾಲಕ ಒಪ್ಪಬೇಕು, ಅದಕ್ಕೂ ಮೊದಲು ಅಕ್ಕ ಒಪ್ಪಬೇಕು.

ಕಂಡಕ್ಟರು ಟಿಕೆಟ್ ಹರಿಯುತ್ತ ಕೇಳಿದ: "ಎಲ್ಲಾರೂ ಓಡಿ ಬರ್ತಿರೋವಾಗ ನೀವ್ಯಾಕಮ್ಮ ಆ ಕಡೆ?"

"ಅಕ್ಕ ಇದಾಳೆ. ಅವಳಿಗೆ ನನ್ನನ್ನ ಬಯ್ಯೋದು ಇನ್ನೂ ಮುಗಿದಿಲ್ಲ," ಎಂದಳು ಪೌಡರಮ್ಮ. "ಎದುರಿಗೇ ಬಯ್ಲಿ. ಬಯ್ತಾ ಬಯ್ತಾನಾದ್ರೂ ಬಸ್ ಹತ್ತುತ್ತಾಳೇನೋ."