ಎತ್ತರದ ತಂತಿ

"ಭಾನುವಾರ ನಡೀತದ, ನೀರಿನ ದಿನ ನಡ್ಯಂಗಿಲ್ಲ. ಇದೆಂಥಾ ಮಶೀನ್ ರೀ ನಿಮ್ಮದು?" ಸಾವಿತ್ರೀಬಾಯಿ ಖಾಲಿ ಕೊಡವನ್ನು ಗಂಡ ಬಂಡುವಿನ ಕಂಪ್ಯೂಟರಿನ ಪಕ್ಕದಲ್ಲೇ ಕುಕ್ಕಿದಳು. "ಇನ್ನೊಮ್ಮೆ ನೀರು ತಪ್ಪಿತಂದ್ರ ಇದನ್ನ ಅಟ್ಟಕ್ಕ ಏರಸ್ತೀನಿ, ನೋಡ್ರಿ."

ಕಲಬುರಗಿ ಕೋಟೆಯ ಹತ್ತಿರದ ಅವರ ಓಣಿಗೆ ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತಕ್ಕೆ ನೀರು ಬರುತ್ತಿತ್ತು, ಅದೂ ಅರ್ಧ ತಾಸು. ಪಂಪು ಹಚ್ಚದೆ ಒಂದು ಹನಿಯೂ ಮೇಲೇರದು. ಆ ಹೊತ್ತಿಗೆ ಹೆಂಡತಿ ಶಾಲೆಯಲ್ಲಿ, ಬಂಡು ಕಮಲಾಪುರದ ಬ್ಯಾಂಕಿನಲ್ಲಿ. ಮನೆಯಲ್ಲಿರುವ ತಾಯಿ ಮುಕ್ತಾಬಾಯಿ ಮಡಿಯಲ್ಲಿ; ಎಲ್ಲರ ಕೈ ಬಿದ್ದ ಸ್ವಿಚ್ಚನ್ನು ಆಕೆ ಮುಟ್ಟುವ ಮಾತೇ ಇಲ್ಲ. ಅದಕ್ಕೇ ಟಿವಿಗೆ ಜೋಡಿಸುವ ಈ ಪುಟ್ಟ ಕಂಪ್ಯೂಟರು. ಹತ್ತು ಹೊಡೆದೊಡನೆ ಅದು ರೇಡಿಯೋ ಸಂಕೇತ ಬಿಡಬೇಕು, ಅಂಗಳದಲ್ಲಿ ಎತ್ತರಕ್ಕೆ ಕಟ್ಟಿದ ತಾಮ್ರದ ತಂತಿ ಅದನ್ನು ಹಿಡಿಯಬೇಕು, ಪಂಪು ತಾನಾಗಿ ಶುರುವಾಗಬೇಕು. ಭಾನುವಾರದ ಸಂಜೆ ಪರೀಕ್ಷಿಸಿದಾಗ ಒಮ್ಮೆಯೂ ತಪ್ಪಿರಲಿಲ್ಲ.

ಕೊನೆಗೆ ಸಂಕೇತಕ್ಕೆ ಅಡ್ಡ ಬರುತ್ತಿರುವುದು ಪಕ್ಕದ ಮನೆಯ ಮುದುಕ ಬುರ್ಹಾನುದ್ದೀನರ ರೇಡಿಯೋನೇ ಎಂದು ತೀರ್ಮಾನಿಸಿ, ಅವರ ಬಾಗಿಲಲ್ಲಿ ನಿಂತು ಕೂಗಾಡಿ ಬಂದ.

ಮುಂದಿನ ನೀರಿನ ದಿನ ಕಮಲಾಪುರದಲ್ಲಿ ಬಸ್ಸಿಳಿದವನಿಗೆ ಬ್ಯಾಂಕಿನ ಕಡೆ ಕಾಲೇ ಏಳಲಿಲ್ಲ. ಈ ಸಲವಾದರೂ ಪಂಪು ನಡೆಯುತ್ತದೋ ಕಣ್ಣಾರೆ ನೋಡಲು, ಕೆಂಪು ಬಾಳೆಗೊನೆ ತುಂಬಿದ ಟೆಂಪೋ ಹತ್ತಿ ಕಲಬುರಗಿಗೆ ವಾಪಸಾದ. ಮನೆ ಮುಟ್ಟಿದಾಗ ಹತ್ತೂ ಹತ್ತು. ಪಂಪು ಸುಮ್ಮನಿತ್ತು.

ತಲೆಯೆತ್ತಿ ನೋಡಿದ. ತಾಮ್ರದ ತಂತಿಯ ಮೇಲೆ ತಾಯಿಯ ಒಂಬತ್ತು ಗಜದ ಸೀರೆ ತೊಟ್ಟಿಕ್ಕುತ್ತಿತ್ತು, ಒದ್ದೆ ಸೆರಗು ಗೋಡೆಗೆ ಅಂಟಿಕೊಂಡಿತ್ತು. ಸಂಕೇತವೆಲ್ಲ ಅದರೊಳಗೇ ಇಂಗಿ ನೆಲಕ್ಕೆ ಹೋಗುತ್ತಿತ್ತು. ಸಂಜೆಗೆ ಸೀರೆ ಒಣಗಿ ಒಳಗೆ ಹೋದರೆ ಎಲ್ಲ ಸರಿ.

"ಅವ್ವಾ, ಯಾವಾಗಿಂದ ಇಲ್ಲಿ ಹಾಕ್ಲಿಕ್ಕತ್ತೀ?"

"ನೀ ಕಟ್ಟಿದಾಗಿಂದ," ಎಂದಳು ಮುಕ್ತಾಬಾಯಿ, ಎತ್ತರಕ್ಕೆ ಬಟ್ಟೆ ಹರವುವ ಮಡಿಕೋಲು ಹಿಡಿದು. "ಯಾರ ಕೈಗೂ ಸಿಗಂಗಿಲ್ಲ. ನನ್ನ ಮಡಿಗಂತ ಇಷ್ಟು ಎತ್ತರಕ್ಕ ಕಟ್ಟೀದಿ, ಭಾಳ ಸಂತೋಷ ಆತಪಾ. ಏ, ಮುಟ್ಟಬ್ಯಾಡ! ಹೊರಗಿಂದ ಬಂದೀದಿ!"

ಸೀರೆ ಎಳೆಯಲು ಎತ್ತಿದ ಕೈಯನ್ನು ಬಂಡು ಇಳಿಸಿದ. ಸಿಟ್ಟಿಗೆ ಅಳುವೇ ಬಂದಂತಾಯಿತು. ಹೋಗಿ ಸ್ವಿಚ್ಚನ್ನು ಕೈಯಿಂದಲೇ ಒತ್ತಿದ.

ಪಂಪಿನ ಸದ್ದಿಗೆ ಗೋಡೆಯಾಚೆ ಬುರ್ಹಾನುದ್ದೀನರ ಬಿಳಿ ಟೋಪಿ ಮೇಲೆದ್ದಿತು.

"ನಡೀತೇನ್ರೀ ಬಂಡುರಾವ್? ಛಲೋ ಆತು ನೋಡ್ರಿ! ಅವತ್ತಿಂದ ನಾ ರೇಡಿಯೋ ಹಚ್ಚೇ ಇಲ್ಲ. ಮ್ಯಾಚ್ ಸುದ್ದಾ ಕೇಳಿಲ್ಲ."

ಬಂಡು ಸ್ವಿಚ್ಚಿನ ಮೇಲಿದ್ದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿಕೊಂಡ.