ಅತ್ತೆಯನ್ನು ಕೂರಿಸಿಕೊಂಡ ಗಾಡಿ

ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಗುರುಬಸವರಾಜ ಸೆಕೆಂಡ್ ಹ್ಯಾಂಡಿನಲ್ಲಿ ಭಾರಿ ಐಷಾರಾಮಿ ಕಾರೊಂದನ್ನು ಕೊಂಡಿದ್ದ. ಅದಕ್ಕೆ ಸ್ಪ್ರಿಂಗಿನ ಬದಲು ಗಾಳಿಚೀಲಗಳ ಏರ್ ಸಸ್ಪೆನ್ಷನ್. ಹಿಂದಿನ ಚೀಲವೊಂದು ಸೋರುತ್ತಿತ್ತು. ಬೆಳಗಾದರೆ ಗಾಡಿ ಒಂದು ಬದಿಗೆ ಕುಸಿದು ನಿಂತಿರುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಸೊಂಟದ ಆಪರೇಶನ್ ಆಗಿದ್ದ ಸೋದರತ್ತೆ ದಾಕ್ಷಾಯಣಮ್ಮನನ್ನು ಆಸ್ಪತ್ರೆಯಿಂದ ಹಿರೇಹಡಗಲಿಯ ಮನೆಗೆ ಕರೆದೊಯ್ಯಲು ಅವಳ ಮಗ ನಾಗಪ್ಪ ಆಂಬುಲೆನ್ಸ್ ಗೊತ್ತು ಮಾಡಿದ್ದ. ಗುರುಬಸವರಾಜನೇ ಬೇಡವೆಂದ.

"ಆಂಬುಲೆನ್ಸ್ ಯಾಕಲೇ? ನನ್ನ ಗಾಡ್ಯಾಗ ತೊಟ್ಲಾಗ ಮಲಗಿದಂಗ ಇರ್ತೈತಿ."

ದಾರಿಯಲ್ಲಿ ಬಾಗಳಿ ಊರು ದಾಟಿ ಒಂದು ಗುಂಡಿಗೆ ಇಳಿದದ್ದೇ ತಡ, ಗಾಡಿಯ ಹಿಂಬದಿ ಧಸಕ್ಕನೆ ಕುಸಿಯಿತು. ಅತ್ತೆ ಚೀರಿದಳು. ಗಾಡಿ ಮತ್ತೆ ಮೇಲೇಳಲಿಲ್ಲ. ನಾಗಪ್ಪ ಅದೇ ಆಂಬುಲೆನ್ಸಿಗೆ ಫೋನ್ ಮಾಡಿದ. ಬಂದ ನರ್ಸ್ ನೋಡಿ, ಹೊಲಿಗೆ ಬಿಚ್ಚಿಲ್ಲ ಎಂದಳು.

ಸ್ಟ್ರೆಚರಿನ ಮೇಲೆ ಮಲಗಿದ ಅತ್ತೆ, ನೋವಿನಲ್ಲೂ ಸೋದರಳಿಯನ ಕೈ ಹಿಡಿದಳು. "ಬೇಜಾರ ಮಾಡ್ಕೋಬ್ಯಾಡಪ್ಪ. ನನ್ನ ಭಾರಕ್ಕ ನಿನ್ನ ಗಾಡಿ ಕೆಟ್ಟೋತು."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

"ನಿನ್ನ ಭಾರಕ್ಕಲ್ಲ ಅತ್ತಿ. ಮೊದ್ಲ ಕೆಟ್ಟಿತ್ತು. ನನಗ ಗೊತ್ತಿತ್ತು."

ನಾಗಪ್ಪ ಅವನ ಮುಖವನ್ನೊಮ್ಮೆ ನೋಡಿದ. ಆಂಬುಲೆನ್ಸ್ ಹತ್ತಿ ಬಾಗಿಲು ಎಳೆದುಕೊಂಡ.

ಆಂಬುಲೆನ್ಸ್ ಹೋದ ಮೇಲೆ ಬೈಕಿನವನೊಬ್ಬ ನಿಂತು ಗಾಡಿಯನ್ನು ಸುತ್ತಿ ನೋಡಿದ. "ಗಾಳಿ ಮ್ಯಾಲ ನಡಿಯೋ ಗಾಡಿ ಅಲ್ಲೇನ್ರಿ? ಹಳೇದು ಸಿಕ್ರ ತಗೋಬಹುದಾ?"

ಗುರುಬಸವರಾಜ ತಲೆ ಎತ್ತಲಿಲ್ಲ. "ತಗೋರಿ. ಆದ್ರ ಚೀಲ ಬದ್ಲಿ ಮಾಡ್ಸೋತನಕ ಅದ್ರಾಗ ಯಾರನ್ನೂ ಕೂಡಿಸ್ಕೋಬ್ಯಾಡ್ರಿ."