ಸೋಲಬೇಕಾದ ತಂಡ

"ನೀಲಿದು ಈ ಕಡೆ, ಹಸಿರುದು ಆ ಕಡೆ. ಹೆಸರು ಕರೆದೋರು ಮಾತ್ರ ಬನ್ರಮ್ಮಾ, ಮೇಲೆ ಬೀಳ್ಬೇಡಿ," ಎನ್ನುತ್ತ ಎರ್ರಪ್ಪ ಮೇಷ್ಟ್ರು ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದಲೇ ಹರಿದರು. ಹೊಸ ಟೀ ಶರ್ಟುಗಳ ಸೀಮೆಎಣ್ಣೆಯಂಥ ವಾಸನೆ ಆಟದ ಸಾಮಾನಿನ ಕೋಣೆಯನ್ನೆಲ್ಲ ತುಂಬಿತು.

ಕವಿತಳಿಗೆ ನೀಲಿ ಬಂತು. ಅಮೃತಳಿಗೆ ನೀಲಿ. ರೂಬಿ ಕೈಚಾಚಿ ನಿಂತಿದ್ದಳು. ಮೇಷ್ಟ್ರು ಎಸೆದದ್ದು ಅವಳ ಎದೆಗೆ ಬಡಿದು ಕೆಳಗೆ ಬಿತ್ತು. ಹಸಿರು.

"ಸಾರ್, ತಪ್ಪಾಯ್ತು. ನಾನೂ ಕವಿತಾನೂ ಒಂದೇ ಟೀಮು."

"ತಪ್ಪೇನಿಲ್ಲಮ್ಮಾ. ತಬಸ್ಸುಮ್, ತಗೋ."

ತಬಸ್ಸುಮಳಿಗೂ ಹಸಿರು. ಆಕೆ ಜನ್ಮದಲ್ಲಿ ಬ್ಯಾಟು ಹಿಡಿದವಳಲ್ಲ. ಲೈಬ್ರರಿಯಲ್ಲಿ ಓದುತ್ತ ಕೂತಿದ್ದವಳನ್ನು ಕರೆಸಿ ನಿಲ್ಲಿಸಿದ್ದರು. ಅವಳ ಹಿಂದೆ ಅವಳದೇ ಮೊಹಲ್ಲಾದ ಇನ್ನೂ ಮೂವರು. ಅವರಿಗೂ ಹಸಿರೇ. ಕಡಿಮೆ ಬಿದ್ದ ಜಾಗಕ್ಕೆ ಮೇಷ್ಟ್ರಿಗೆ ಇಲ್ಲ ಅನ್ನುವ ಧೈರ್ಯವಿಲ್ಲದ ಮೊದಲ ವರ್ಷದ ಹುಡುಗಿಯರನ್ನು ತುಂಬಿದ್ದರು. ಆಗ ರೂಬಿಗೆ ಅರ್ಥವಾಯಿತು. ಹಸಿರು ಅಂದರೆ ಪಾಕಿಸ್ತಾನ.

ಹಿಂದಿನ ಶನಿವಾರ ಆಸ್ಟ್ರೇಲಿಯಾದಲ್ಲಿ ಹೆಂಗಸರ ವಿಶ್ವಕಪ್ಪಿನಲ್ಲಿ ಭಾರತದವರು ಪಾಕಿಸ್ತಾನವನ್ನು ಐವತ್ತೇಳಕ್ಕೆ ಆಲ್ ಔಟ್ ಮಾಡಿ, ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ ಗೆದ್ದಿದ್ದರು. ಅದೇನು ಹೊಸದಲ್ಲ, ಇಬ್ಬರೂ ಎದುರಾದಾಗೆಲ್ಲ ಗೆದ್ದದ್ದು ಭಾರತವೇ. ಗಂಡಸರ ಮ್ಯಾಚಿನ ಹಾಗೆ ಎದೆ ಹಿಡಿದುಕೊಂಡು ನೋಡುವ ಪಾಡು ಇಲ್ಲಿರಲಿಲ್ಲ. ಪೇಪರಿನ ಆಟದ ಪುಟದ ಮೂಲೆಯಲ್ಲಿ ಬಂದಿದ್ದ ಆ ನಾಲ್ಕು ಸಾಲನ್ನು ಕತ್ತರಿಸಿ, ಅನ್ನದ ಅಗುಳಿನಿಂದ ಕಾಲೇಜಿನ ಬೋರ್ಡಿಗೆ ಅಂಟಿಸಿದವಳು ರೂಬಿಯೇ. ಹುಡುಗಿಯರ ಕ್ರಿಕೆಟ್ಟಿನ ಸುದ್ದಿಯನ್ನು ಅವತ್ತಿನವರೆಗೂ ಕಾಲೇಜಿನ ಗೋಡೆ ಕಂಡಿರಲಿಲ್ಲ. ಅದನ್ನು ಓದಿ ಯುವಕ ಸಂಘದ ಅಧ್ಯಕ್ಷ ವೇಣುವಿಗೆ ಹುಮ್ಮಸ್ಸು ಬಂತು. ಮಹಿಳಾ ದಿನಾಚರಣೆ ಹೇಗೂ ಮುಂದಕ್ಕೆ ಹೋಗಿತ್ತು. ಆ ದಿನ ಒಂದು ಇಂಡಿಯಾ ಪಾಕಿಸ್ತಾನ ಪಂದ್ಯ ಆಗಲಿ, ಬಟ್ಟೆ ನಮ್ಮದು, ಶಾಮಿಯಾನ ನಮ್ಮದು ಅಂದ.

"ಬರೀ ತಮಾಷೆಗಮ್ಮಾ," ಎಂದರು ಮೇಷ್ಟ್ರು, ಅವಳ ಮುಖ ನೋಡದೆ ಹಸಿರು ಬಟ್ಟೆಯನ್ನು ಎತ್ತಿಕೊಡುತ್ತ. "ಹೆಂಗಿದ್ರೂ ಅವ್ರು ಸೋಲೋರೇ ತಾನೆ? ಒನ್ ಸೈಡ್ ಆದ್ರೇನೇ ಜನಕ್ಕೆ ಖುಷಿ. ನೀನು ಒಂದೆರಡು ಓವರ್ ಮೆತ್ತಗೆ ಹಾಕು ಸಾಕು."

"ಅವ್ರು ಸೋಲ್ತಾರೆ ಸಾರ್. ನಾನ್ಯಾಕೆ ಅವ್ರು?"

ಎರ್ರಪ್ಪ ಮೇಷ್ಟ್ರು ಕೆಟ್ಟವರಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಅವಳು ಗಂಡುಹುಡುಗರ ಚೆಂಡನ್ನು ಕಾಂಪೌಂಡಿನ ಆಚೆಯಿಂದ ಎಸೆದದ್ದನ್ನು ನೋಡಿ, ಕರೆದು ಬೌಲಿಂಗ್ ಹೇಳಿಕೊಟ್ಟವರು ಅವರೇ. ಚಿಕ್ಕಬಳ್ಳಾಪುರಕ್ಕೆ, ಗೌರಿಬಿದನೂರಿಗೆ ತಮ್ಮ ಜೇಬಿನಿಂದ ಬಸ್ ಚಾರ್ಜು ಹಾಕಿ ಕರೆದೊಯ್ದವರು. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ಯಾರೋ ದಾರಿಹೋಕ ಅಂದಿದ್ದರೆ ತಿರುಗಿ ಬೈದು ಬರಬಹುದಿತ್ತು.

ಮನೆಗೆ ಬಂದಾಗ ಅವಳಪ್ಪ ಜಿಯಾವುಲ್ಲಾ ಹಿತ್ತಲ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಒಲೆಯ ಮುಂದೆ ಕೂತಿದ್ದ. ಕುದಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಬೆಂದ ಹುಳದ ವಾಸನೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಬಂದವರು ಮಾತ್ರ ಮೂಗು ಮುಚ್ಚಿಕೊಳ್ಳುತ್ತಾರೆ. ಅವನು ಎಳೆಯಿಂದ ಕಣ್ಣು ತೆಗೆಯದೆ ಎಲ್ಲವನ್ನೂ ಕೇಳಿಸಿಕೊಂಡ.

"ಹೋಗು ಬೇಟಿ. ಆಡು. ಸೋತು ಬಾ."

"ಅಬ್ಬಾಜಾನ್!"

"ಹೋಗದೇ ಇದ್ರೆ, ನೋಡು ಇಂಡಿಯಾ ಹೆಸರು ಹೇಳಿದ್ರೆ ಬರಲ್ಲ ಅಂತಾರೆ. ಹೋಗಿ ಗೆದ್ದೆ ಅಂದ್ರೆ ಏನಂತಾರೆ ಅಂತ ನಾನು ಹೇಳ್ಬೇಕಾ? ನಾಳಿದ್ದು ಗೂಡಿನ ಮಾರ್ಕೆಟ್ಟಿಗೆ ಹೋಗೋನು ನಾನು. ದಿಬ್ಬೂರಹಳ್ಳಿ ರೈತರು, ಬ್ರೋಕರುಗಳು, ಎಲ್ಲರ ಮುಖ ನೋಡೋನು ನಾನು. ಸೋತ್ರೆ ಎಲ್ಲರೂ ನಗ್ತಾರೆ, ಬನ್ನು ಬಾಳೆಹಣ್ಣು ಕೊಡ್ತಾರೆ. ತಿಂದ್ಕೊಂಡು ಬಾ."

ಅವಳಮ್ಮ ಷಮೀಮ್ ಬಾಗಿಲಲ್ಲಿ ನಿಂತು ಈರುಳ್ಳಿ ಸುಲಿಯುತ್ತಿದ್ದಳು. "ಚಿಂತಾಮಣಿಯವ್ರನ್ನ ಸೋಲಿಸಿ ಕಪ್ ತಂದಾಗ ಇವಳು ಯಾವ ದೇಶದೋಳಾಗಿದ್ಲಂತೆ? ಅವತ್ತು ಇದೇ ಬೀದಿಲಿ ಪಟಾಕಿ ಹೊಡೆದ್ರಲ್ಲ, ಅದೇ ವೇಣು?"

"ಚುಪ್," ಎಂದ ಜಿಯಾವುಲ್ಲಾ. ಎಳೆ ತುಂಡಾಗಿತ್ತು. ಬೆಂದು ಬಿಳಿಚಿದ ಬೆರಳನ್ನು ನೀರಿಗೆ ಅದ್ದಿ ಅದರ ತುದಿ ಹುಡುಕತೊಡಗಿದ.

ಮರುದಿನ ಶನಿವಾರ. ಮೈದಾನದಲ್ಲಿ ಶಾಮಿಯಾನ ಎದ್ದಿತ್ತು, ಮೈಕು ಕಿರುಚುತ್ತಿತ್ತು. ಬಟ್ಟೆ ಬದಲಿಸಲು ಹುಡುಗಿಯರು ನೀರಿನ ಟ್ಯಾಂಕಿನ ಹಿಂದಿನ ಖಾಲಿ ಕ್ಲಾಸಿಗೆ ಬಂದಾಗ ರೂಬಿ ಬಾಗಿಲಿಗೆ ಅಡ್ಡ ನಿಂತಳು.

"ಯಾರೂ ಹಾಕ್ಕೋಬೇಡಿ. ನಮ್ಮ ಬೀದಿ ಲೆಕ್ಕದಲ್ಲಿ ಹೆಸರಿಟ್ಕೊಳ್ಳಣ. ಯಾರಿಗೆ ಯಾವುದು ಬರುತ್ತೋ ಬರ್ಲಿ."

ಬೀದಿಯ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಚಿಕ್ಕಂದಿನಲ್ಲಿ ಯಾವ ಆಟಕ್ಕೂ ಟೀಮು ಮಾಡುತ್ತಿದ್ದದ್ದು ಹಾಗೆ. ಇಬ್ಬರು ಕ್ಯಾಪ್ಟನ್ನುಗಳು ನಿಲ್ಲುತ್ತಾರೆ. ಉಳಿದವರು ಸರಿಸಾಟಿಯಾದವರೊಂದಿಗೆ ಜೋಡಿಯಾಗಿ ಪಕ್ಕಕ್ಕೆ ಹೋಗಿ, ಗುಟ್ಟಾಗಿ ಒಂದೊಂದು ಹೆಸರು ಇಟ್ಟುಕೊಂಡು, ಹೆಗಲ ಮೇಲೆ ಕೈಹಾಕಿಕೊಂಡು ಬರುತ್ತಾರೆ. ನವಿಲು ಬೇಕಾ, ಗಿಳಿ ಬೇಕಾ? ಕ್ಯಾಪ್ಟನ್ ಕೇಳಿದ ಹೆಸರಿನವಳು ಆ ಕಡೆಗೆ, ಇನ್ನೊಬ್ಬಳು ಈ ಕಡೆಗೆ. ಅಣ್ಣ ತಮ್ಮಂದಿರೇ ಬೇರೆ ಬೇರೆಯಾದರೂ ಯಾರೂ ತಕರಾರು ತೆಗೆದದ್ದಿಲ್ಲ.

"ಸರಿ ಕಣೇ, ಮಜಾ ಇರುತ್ತೆ," ಎಂದು ಮೊದಲು ಹೇಳಿದವಳು ಕವಿತಳೇ. ರೂಬಿಯ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು.

ಅಮೃತ ನೀಲಿಗೆ ಕ್ಯಾಪ್ಟನ್ ಆದಳು, ತಬಸ್ಸುಮ್ ಹಸಿರಿಗೆ. ಜೋಡಿಗಳು ಕಿಸಿಕಿಸಿ ನಗುತ್ತ ಮೂಲೆಗೆ ಹೋಗಿ ಬಂದವು. ನೀಲಿ ಕಡೆಗೆ ಮೊಹಲ್ಲಾದ ಇಬ್ಬರು ಬಂದರು, ಹಸಿರು ಕಡೆಗೆ ನಿನ್ನೆ ನೀಲಿ ಸಿಕ್ಕಿದ್ದ ಹಾಸ್ಟೆಲಿನ ನಾಲ್ವರು ಹೋದರು. ನೀರಿನ ಬಿಂದಿಗೆ ಹೊತ್ತು ಬಂದ ಆಯಾ ಅಮ್ಮಾಜಮ್ಮ ಬಾಗಿಲಲ್ಲೇ ನಿಂತು ನೋಡಿ ನಕ್ಕಳು. "ಏಮಮ್ಮಾ ಇದು, ಮಿಲಿಟ್ರಿಯೋರು ಹಿಂಗೇ ಮಾಡಿದ್ರೆ ಯುದ್ಧನೇ ಇರ್ತಿರಲಿಲ್ಲ."

ಕೊನೆಗೆ ಉಳಿದವರು ರೂಬಿ, ಕವಿತ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು.

"ನೆಲ್ಲಿ ಬೇಕಾ, ಹುಣಸೆ ಬೇಕಾ?"

"ನೆಲ್ಲಿ," ಎಂದಳು ಅಮೃತ.

ನೆಲ್ಲಿ ರೂಬಿ. ಹೋ ಎಂದು ಎಲ್ಲರೂ ಕೂಗಿದರು. ರೂಬಿ ನಗುತ್ತ ತನ್ನ ಕೈಲಿದ್ದ ಹಸಿರು ಬಟ್ಟೆಯನ್ನು ಕವಿತಳಿಗೆ ಚಾಚಿದಳು. ಕವಿತ ತೆಗೆದುಕೊಳ್ಳಲಿಲ್ಲ.

"ಇನ್ನೊಂದ್ ಸಲ ಹಾಕಣ ಕಣೇ."

"ಯಾಕೆ?"

"ಹಂಗಲ್ಲ... ನಮ್ಮಪ್ಪ ಬಂದು ಮುಂದ್ಗಡೆನೇ ಕೂತವ್ರೆ. ಪಾಕಿಸ್ತಾನದ್ದು ಹಾಕ್ಕೊಂಡು ಅವ್ರ ಎದುರಿಗೆ ಹೆಂಗೆ ಹೋಗ್ಲಿ?"

"ನಮ್ಮಪ್ಪಾನೂ ಬಂದವ್ರೆ."

"ನಿನ್ ವಿಷ್ಯ ಬೇರೆ ಕಣೇ..."

ಅಮ್ಮಾಜಮ್ಮ ಬಿಂದಿಗೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟಳು.

"ಹೇಳು. ಹೆಂಗೆ ಬೇರೆ?"

"ರೂಬೀ, ತಪ್ಪು ತಿಳ್ಕೋಬೇಡ. ನೀನು ಹಾಕ್ಕೊಂಡ್ರೆ ಯಾರೂ ಏನೂ ಅನ್ನಲ್ಲ. ನಾನು ಹಾಕ್ಕೊಂಡ್ರೆ..." ಕವಿತ ಮಾತು ನುಂಗಿದಳು. ಆದರೆ ಅಷ್ಟರಲ್ಲಿ ಹೇಳಬೇಕಾದದ್ದೆಲ್ಲ ಹೇಳಿ ಆಗಿತ್ತು.

ಹತ್ತು ವರ್ಷ ಆ ಬೀದಿಯಲ್ಲಿ ಕವಿತ ಎಷ್ಟೋ ಸಲ ಸೋಲುವ ಕಡೆಗೆ ಬಿದ್ದಿದ್ದಾಳೆ, ರೂಬಿಯೂ ಬಿದ್ದಿದ್ದಾಳೆ. ಇನ್ನೊಂದು ಸಲ ಹಾಕಣ ಅಂತ ಯಾರೂ, ಮೂಗು ಸೋರುವ ವಯಸ್ಸಿನಲ್ಲೂ ಅಂದಿರಲಿಲ್ಲ. ಈಗ ಕವಿತ ಅಂದಳು. ಅಂದದ್ದೇ ತಡ, ಹಸಿರಿಗೆ ಬಿದ್ದಿದ್ದ ಹಾಸ್ಟೆಲಿನ ಹುಡುಗಿಯೊಬ್ಬಳು ಮೆಲ್ಲಗೆ ಬೆಂಚಿನ ಮೇಲಿಂದ ನೀಲಿ ಬಟ್ಟೆ ಎತ್ತಿಕೊಂಡಳು. ಇನ್ನೊಬ್ಬಳು ಎತ್ತಿಕೊಂಡಳು. ಕಣ್ಣುಮುಚ್ಚಿ ತೆರೆಯುವುದರಲ್ಲಿ ಕ್ಲಾಸು ನಿನ್ನೆ ಮೇಷ್ಟ್ರು ಹಂಚಿದ ಹಾಗೆಯೇ ಆಗಿಬಿಟ್ಟಿತು.

"ಆಯ್ತು," ಎಂದಳು ರೂಬಿ. "ಹಾಕ್ಕೊಳ್ಳಮ್ಮಾ. ನಿಮ್ಮಪ್ಪ ಕಾಯ್ತಾವ್ರೆ." ಹಸಿರು ಬಟ್ಟೆಯನ್ನು ಚೂಡಿದಾರದ ಮೇಲೆಯೇ ತಲೆಯಿಂದ ತೂರಿಸಿಕೊಂಡಳು. ಅದರ ತೋಳಿಗೆ ಕೈ ತೂರಿಸುವುದಕ್ಕೆ ಎರಡು ಸಲ ತಡಕಾಡಬೇಕಾಯಿತು.

ಹಸಿರಿನವರು ಮೊದಲು ಆಡಿ ಹೇಗೋ ಒಂದಿಷ್ಟು ರನ್ನು ಮಾಡಿದರು. ತಬಸ್ಸುಮ್ ಚೆಂಡು ಬಂದಾಗ ಕಣ್ಣು ಮುಚ್ಚಿದಳೆಂದು ಮೈಕಿನಲ್ಲಿ ಹೇಳಿ ವೇಣು ಎಲ್ಲರನ್ನೂ ನಗಿಸಿದ. ಪ್ರತಿ ವಿಕೆಟ್ಟಿಗೂ ತಮಟೆ. "ಅಲ್ಲೂ ಇಷ್ಟೇ, ಇಲ್ಲೂ ಇಷ್ಟೇ ಮಹಾಜನಗಳೇ!" ಎಂದ. ಮುಂದಿನ ಸಾಲಿನಲ್ಲಿ ಕವಿತಳ ಅಪ್ಪ ಆವುಲಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದ. ಜಿಯಾವುಲ್ಲಾ ದೂರದಲ್ಲಿ, ಗೇಟಿನ ಹತ್ತಿರ, ಸೈಕಲ್ಲನ್ನು ಬಿಡದೆ ಹಿಡಿದುಕೊಂಡು ನಿಂತಿದ್ದ.

ನೀಲಿಯವರ ಸರದಿಗೆ ಕವಿತ ಬ್ಯಾಟು ಹಿಡಿದು ಬಂದಳು. ಚೆಂಡು ರೂಬಿಯ ಕೈಲಿತ್ತು. ಅಂಪೈರು ಎರ್ರಪ್ಪ ಮೇಷ್ಟ್ರು.

ಮೇಷ್ಟ್ರೂ ಅಪ್ಪನೂ ಹೇಳಿದ ಹಾಗೇ ಮೊದಲ ಚೆಂಡನ್ನು ರೂಬಿ ಹಾಕಿದಳು. ಮೆತ್ತಗೆ, ಕಾಲಿನ ಕಡೆಗೆ. ಚಿಕ್ಕ ಮಗುವೂ ಹೊಡೆಯಬಹುದಾದ ಚೆಂಡು. ಕವಿತ ಹೊಡೆದಳು. ಚೆಂಡು ಶಾಮಿಯಾನದ ಹಗ್ಗಕ್ಕೆ ಬಡಿಯಿತು. ಇಂಡಿಯಾ, ಇಂಡಿಯಾ ಎಂದು ಮೈದಾನ ಎದ್ದು ಕುಣಿಯಿತು. ರೂಬಿ ಗೇಟಿನ ಕಡೆ ನೋಡಿದಳು. ಜಿಯಾವುಲ್ಲಾ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದ. ಅಕ್ಕಪಕ್ಕದವರು ನಿಲ್ಲಿಸಿದ ಮೇಲೂ, ತನ್ನನ್ನು ನೋಡುತ್ತಿದ್ದಾರೋ ಇಲ್ಲವೋ ಎಂದು ಅತ್ತಿತ್ತ ಕಣ್ಣು ಹಾಯಿಸುತ್ತ, ತಟ್ಟುತ್ತಲೇ ಇದ್ದ.

ಅಪ್ಪ ಯಾರ ಮುಂದೆಯೂ ಹಾಗೆ ತಟ್ಟುವುದನ್ನು ಅವಳು ಕಂಡಿರಲಿಲ್ಲ.

ಮುಂದಿನ ಚೆಂಡು ಕವಿತಳಿಗೆ ಕಾಣಲೇ ಇಲ್ಲ. ನಡುವಿನ ಸ್ಟಂಪು ಮಣ್ಣು ಸಮೇತ ಕಿತ್ತು ಹಿಂದಕ್ಕೆ ಬಿತ್ತು. ತಮಟೆಯವನು ಅಭ್ಯಾಸಬಲದಿಂದ ಒಂದು ಏಟು ಹೊಡೆದು, ಪಕ್ಕದವನು ತಿವಿದದ್ದಕ್ಕೆ ಕೈ ನಿಲ್ಲಿಸಿದ.

"ನೋ ಬಾಲ್!" ಎಂದರು ಮೇಷ್ಟ್ರು.

ರೂಬಿ ಕೆಳಗೆ ನೋಡಿದಳು. ಅವಳ ಹೆಜ್ಜೆ ಸುಣ್ಣದ ಗೆರೆಯಿಂದ ಒಂದು ಗೇಣು ಹಿಂದಿತ್ತು. ಮತ್ತೆ ಬಂದು ಹಾಕಿದಳು. ಮತ್ತೆ ಅದೇ ಸ್ಟಂಪು.

"ನೋ ಬಾಲ್!"

ಜನ ಸಿಳ್ಳೆ ಹಾಕಿದರು. ಮೇಷ್ಟ್ರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಏನಮ್ಮಾ ರೂಬಿ ಇದು? ನಾಲ್ಕು ಓವರ್ ಆಡ್ಲಿ ಬಿಡಮ್ಮಾ. ದೊಡ್ಡೋರು ಕೂತವ್ರೆ," ಎಂದರು.

"ಗೆರೆ ನೀವೇ ಹಾಕಿದ್ದು ಸಾರ್. ಕಾಲು ಎಲ್ಲಿಡ್ಬೇಕು ಅಂತ ಹೇಳ್ಕೊಟ್ಟಿದ್ದೂ ನೀವೇ. ನೋಡಿ ಹೇಳಿ."

"ಅದಲ್ಲಮ್ಮಾ..."

"ನೋಡಿ ಹೇಳಿ ಸಾರ್."

ಅವರು ನೋಡಲಿಲ್ಲ. ಟೋಪಿ ಸರಿಮಾಡಿಕೊಂಡು ತಮ್ಮ ಜಾಗಕ್ಕೆ ಹೋಗಿ ನಿಂತರು. ಆ ತುದಿಯಲ್ಲಿ ಕವಿತ ಕೈಗವಸಿನ ಬೆನ್ನಿನಿಂದ ಮೂಗು ಒರೆಸಿಕೊಂಡಳು. ಮುಂದಿನ ಸಾಲಿನಿಂದ ಆವುಲಪ್ಪ ಕೂಗಿದ: "ಬಿಡ್ಬೇಡ ಕಣಮ್ಮಾ, ಬಾರ್ಸು ಅವಳಿಗೆ!"

ರೂಬಿ ಓಡಿ ಬಂದಳು. ಬೆರಳ ತುದಿಯಿಂದ ಚೆಂಡು ಬಿಡುವಾಗ ಅವಳ ಗಂಟಲಿನಿಂದ ಒಂದು ಸದ್ದು ಹೊರಬಿತ್ತು. ಬ್ಯಾಟು ಎದ್ದು ಇಳಿಯುವುದರೊಳಗೆ ಮೂರೂ ಸ್ಟಂಪುಗಳು ಮೂರು ದಿಕ್ಕಿಗೆ ವಾಲಿದ್ದವು.

ಮೇಷ್ಟ್ರ ತೋಳು ಪಕ್ಕಕ್ಕೆ ಏಳತೊಡಗಿತು. ಅದು ಪೂರ್ತಿ ಏಳುವ ಮುಂಚೆಯೇ ಕವಿತ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆಯಲು ಶುರುಮಾಡಿದ್ದಳು.

"ಏ ಕವಿತಾ, ಎಲ್ಲಿಗೆ? ನೋ ಬಾಲ್ ಕಣಮ್ಮಾ!"

"ಔಟು ಸಾರ್."

"ಅಂಪೈರ್ ನಾನು ಹೇಳ್ತಾ ಇದೀನಿ..."

"ಮೂರು ಸಲಾನೂ ಔಟೇ ಸಾರ್," ಎಂದಳು ಕವಿತ. ಮುಂದಿನ ಸಾಲಿನಲ್ಲಿ ಎದ್ದು ನಿಂತಿದ್ದ ಅಪ್ಪನ ಕಡೆಗೇ ನಡೆದಳು. ರೂಬಿಯ ಹತ್ತಿರ ಬಂದಾಗ ಅವಳ ಹೆಜ್ಜೆ ಒಂದು ಕ್ಷಣ ತಡೆಯಿತು. ರೂಬಿ ಅವಳ ಕಡೆ ನೋಡಲಿಲ್ಲ.

ಮೈಕು ಸುಮ್ಮನಾಗಿತ್ತು. ಸ್ಟಂಪು ನೆಡುವುದಕ್ಕೂ ಯಾರೂ ಬರಲಿಲ್ಲ. ರೂಬಿಯೇ ಹೋಗಿ ಒಂದೊಂದಾಗಿ ಎತ್ತಿ, ತೂತಿನಲ್ಲಿಟ್ಟು, ಹಿಮ್ಮಡಿಯಿಂದ ಮಣ್ಣು ಮೆಟ್ಟಿದಳು. ಅಮೃತ ಸಡಿಲವಾದ ಪ್ಯಾಡನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಂದಳು. "ಮೆತ್ತಗೆ ಹಾಕೇ, ಪ್ಲೀಸ್," ಎಂದು ಪಿಸುಗುಟ್ಟಿದಳು.

ರೂಬಿ ಚೆಂಡನ್ನು ತೆಗೆದುಕೊಂಡು ಹಿಂದಕ್ಕೆ ನಡೆದಳು. ಓಟ ಶುರುಮಾಡಲೆಂದು ಮಣ್ಣಿನಲ್ಲಿ ಕಾಲಿನಿಂದ ಗೀಚಿಟ್ಟಿದ್ದ ತನ್ನ ಗುರುತು ಬಂತು. ಅಲ್ಲಿ ನಿಲ್ಲದೆ ಅದನ್ನೂ ದಾಟಿ, ಮೈದಾನದ ಅಂಚಿನ ಹೊಂಗೆ ಮರದ ನೆರಳಿನವರೆಗೂ ಹೋಗಿ, ಅಲ್ಲಿ ತಿರುಗಿ ನಿಂತಳು.